ದೇಚಮ್ಮಕ್ಕನ ಪಾತ್ರೆ ಸೀದ ಮಳೆಗಾಲ

ಹೋದ ವರ್ಷ ಮಳೆಗಾಲದಲ್ಲಿ ವಿರಾಜಪೇಟೆಗೆ ಟಿಕೆಟ್ ತೆಗೆದುಕೊಂಡು ಬಸ್ಸಿನಲ್ಲಿ ಕೂತಿದ್ದವನು ಗೋಣಿಕೊಪ್ಪಲಿನಲ್ಲೇ ಇಳಿದುಬಿಟ್ಟೆ. ನಿಲ್ದಾಣದ ಪಕ್ಕದಲ್ಲಿ ಹೆಂಗಸೊಬ್ಬರು ಪ್ಲಾಸ್ಟಿಕ್ ಹಾಳೆ ಹೊದ್ದು, ಮದ್ದು ಸೊಪ್ಪಿನ ಕಟ್ಟುಗಳನ್ನು ಮುಂದಿಟ್ಟುಕೊಂಡು ಮಾರುತ್ತಿದ್ದರು. ಕಿಟಕಿಯ ಗಾಜು ಸರಿಸಿದ್ದೇ ತಡ, ಆ ಸೊಪ್ಪಿನ ಘಮ ಒಳಗೆ ಬಂತು. "ವಿರಾಜಪೇಟೆ ಇನ್ನೂ ಮುಂದಿದೆ ಸಾರ್, ಎಲ್ಲಿಗ್ ಹೊರಟ್ರಿ?" ಎಂದು ಕಂಡಕ್ಟರು ಕೂಗುತ್ತಿದ್ದರು. ಅಷ್ಟರಲ್ಲಿ ನಾನು ಕೊಡೆ ಬಿಚ್ಚಿ ರಸ್ತೆ ದಾಟಿಯಾಗಿತ್ತು. ವಿರಾಜಪೇಟೆಯ ಕೆಲಸ ಒಂದು ಬಸ್ಸು ತಡವಾದರೆ ಮುಳುಗಿಹೋಗುವಂಥದ್ದೇನಲ್ಲ. ಕಕ್ಕಡ ಹದಿನೆಂಟು ಮಾತ್ರ ವರ್ಷಕ್ಕೆ ಒಂದೇ ಸಲ ಬರುತ್ತದೆ.

ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಕಕ್ಕಡ ಎಂಬುದು ಕೊಡಗಿನ ಮಳೆ ತಿಂಗಳು. ಕರಾವಳಿಯವರು ಆಟಿ ಎನ್ನುತ್ತಾರೆ. ಆ ತಿಂಗಳ ಹದಿನೆಂಟನೆಯ ದಿನ ಮದ್ದು ಸೊಪ್ಪಿಗೆ ಹದಿನೆಂಟು ಬಗೆಯ ಔಷಧಿಯ ಗುಣ ಬರುತ್ತದೆ, ಬೇರೆ ದಿನ ಸುಮ್ಮನಿರುವ ಎಲೆ ಅವತ್ತು ಘಮಘಮಿಸುತ್ತದೆ ಎಂಬುದು ಇಲ್ಲಿಯವರ ನಂಬಿಕೆ. ಸೊಪ್ಪನ್ನು ಕುದಿಸಿ ಸೋಸಿದರೆ ನೇರಳೆ ಹಣ್ಣಿನ ಬಣ್ಣದ ನೀರು ಸಿಗುತ್ತದೆ. ಅದರಲ್ಲಿ ಅಕ್ಕಿ ಬೇಯಿಸಿ, ಬೆಲ್ಲ ಮತ್ತು ತೆಂಗಿನ ಹಾಲು ಹಾಕಿ ಪಾಯಸ ಮಾಡುತ್ತಾರೆ. ಆ ಪಾಯಸವನ್ನು ನಾನು ಮೊದಲ ಸಲ ತಿಂದದ್ದು ಇದೇ ಊರಿನಲ್ಲಿ, ಹೊನ್ನಪ್ಪಣ್ಣನ ಪಕ್ಕ ಕೂತು.

ಗೊತ್ತಿಲ್ಲದ ಊರಿನಲ್ಲಿ ಬಸ್ಸಿಳಿದು ಸ್ವಲ್ಪ ಹೊತ್ತಿಗೆಲ್ಲ ಒಳ್ಳೆಯ ಊಟದ ಜಾಗ ಹುಡುಕುತ್ತೇನೆಂದು ಜೊತೆಯವರಲ್ಲಿ ನನಗೆ ಈಗ ಸಣ್ಣ ಹೆಸರಿದೆ. ಶಿವಮೊಗ್ಗವಾಗಲಿ, ಸೇಲಂ ಆಗಲಿ, "ಲೋಕೇಶನ ಹಿಂದೆ ಹೋದರೆ ಹೊಟ್ಟೆಗೆ ಮೋಸವಿಲ್ಲ" ಎನ್ನುತ್ತಾರೆ. ಆ ವಿದ್ಯೆಯನ್ನು ನನಗೆ ಕಲಿಸಿದವರು ಹೊನ್ನಪ್ಪಣ್ಣ. ಕಲಿಸಿದ್ದು ಒಂದೇ ಒಂದು ಮಳೆಗಾಲದಲ್ಲಿ. ಅದೂ ಎಂಥ ಕಾಲದಲ್ಲಿ ಎಂದರೆ, ಅವರ ಮೂಗಿಗೆ ಬೇವಿನೆಣ್ಣೆಗೂ ಮಲ್ಲಿಗೆಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಆಗ ನಾನು ಕುಶಾಲನಗರದ ಒಂದು ಕಾಫಿ ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ನನ್ನ ಊರು ಅರಕಲಗೂಡಿನ ಕಡೆ. ಹೊನ್ನಪ್ಪಣ್ಣನ ತಂದೆಯೂ ಆ ಕಡೆಯಿಂದಲೇ ಬಂದು ಕುಶಾಲನಗರದ ಹತ್ತಿರ ಗದ್ದೆ ಮಾಡಿಕೊಂಡವರು. ಕಂಪನಿಯಲ್ಲಿ ಹೊನ್ನಪ್ಪಣ್ಣ ಎಂದರೆ ದೊಡ್ಡ ಜನ. ಬೆಳೆಗಾರರಿಂದ ಬಂದ ಪ್ರತಿ ರಾಶಿಯಿಂದ ಒಂದಿಷ್ಟು ಬೀಜ ಹುರಿದು, ಪುಡಿ ಮಾಡಿ, ಬಿಸಿನೀರು ಹುಯ್ದು ಬಟ್ಟಲುಗಳನ್ನು ಸಾಲಾಗಿ ಇಡುತ್ತಾರೆ. ಒಂದೊಂದನ್ನೂ ಬಗ್ಗಿ ಮೂಸಿ, ಚಮಚದಲ್ಲಿ ಸೊರ್ರೆಂದು ಹೀರಿ, ಉಗಿದು, "ಇದು ಹುಳಿತಿದೆ", "ಇದು ನೆಲದ ಮೇಲೆ ಒಣಗಿಸಿದ್ದು, ಮಣ್ಣಿನ ವಾಸನೆ ಇದೆ" ಎಂದು ಹೇಳುವುದು ಅವರ ಕೆಲಸ. ಅವರ ಬಾಯಿಂದ ಬಂದ ಮಾತಿಗೆ ಮಾಲೀಕರೂ ಎದುರಾಡುತ್ತಿರಲಿಲ್ಲ. ಹೊನ್ನಪ್ಪಣ್ಣನಿಗೂ ಆ ಗತ್ತು ಇತ್ತು. ಸೀಸನ್ ಶುರುವಾದರೆ ಬೆಳ್ಳುಳ್ಳಿ ಮುಟ್ಟುತ್ತಿರಲಿಲ್ಲ, ಮನೆಯಲ್ಲಿ ಅಗರಬತ್ತಿ ಹಚ್ಚಲು ಬಿಡುತ್ತಿರಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಅವರಿಗೆ ಕೊರೊನಾ ಜ್ವರ ಬಂತು. ಜ್ವರ ವಾರದಲ್ಲಿ ಹೋಯಿತು. ಹೋಗುವಾಗ ಮೂಗನ್ನೂ ಕಟ್ಟಿಕೊಂಡು ಹೋಯಿತು. ಎಲ್ಲರಿಗೂ ಹೀಗೆ ಆಗಿ ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿದರು. ಮಳೆ ಹಿಡಿದರೂ ಸರಿಹೋಗಲಿಲ್ಲ. ಮಾಲೀಕರು ಕೆಟ್ಟವರಲ್ಲ, ಆದರೆ ವ್ಯಾಪಾರದವರು. "ಹೊಸ ಕಾಫಿ ಬರೋ ಹೊತ್ತಿಗೆ ನೋಡೋಣ ಹೊನ್ನಪ್ಪ. ಅಷ್ಟರೊಳಗೆ ಮೂಗು ಬಂದ್ರೆ ನಿಮ್ಮ ಜಾಗ ನಿಮ್ಮದೇ. ಇಲ್ದಿದ್ರೆ ನಾನು ಬೇರೆಯವರನ್ನ ನೋಡ್ಬೇಕಾಗ್ತದೆ" ಎಂದರು. ಅಲ್ಲಿಯವರೆಗೆ ಇರಲಿ ಎಂದು, ಗೋಣಿಕೊಪ್ಪಲಿನಲ್ಲಿ ಬಾಡಿಗೆಗೆ ಹಿಡಿದಿದ್ದ ಹೊಸ ಗೋದಾಮನ್ನು ಸರಿಮಾಡಿಸಲು ಅವರನ್ನು ಕಳಿಸಿದರು. ಜೊತೆಗೆ ನನ್ನನ್ನು.

ಗೋದಾಮಿನ ಸೂರು ಸೋರುತ್ತಿತ್ತು. ಬೆಳಿಗ್ಗೆ ಶೀಟು ಹಾಕುವವರನ್ನು ಕಾಯುವುದು, ಮಧ್ಯಾಹ್ನ ಮಳೆ ನೋಡುವುದು, ನಡುವೆ ಸುತ್ತಲಿನ ಬೆಳೆಗಾರರ ಮನೆಗೆ ಹೋಗಿ ಈ ಸಲ ನಮಗೇ ಕಾಫಿ ಕೊಡಿ ಎಂದು ಕೇಳುವುದು, ಇಷ್ಟೇ ಕೆಲಸ. ಕರೆಂಟು ಇದ್ದರೆ ಆ ದಿನ ಹಬ್ಬ. ಲಾಡ್ಜಿನ ಕಂಬಳಿಗಳು ಮುಗ್ಗಲು ಹಿಡಿದು ನಾರುತ್ತಿದ್ದವು. ನಾನು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಮಲಗಿದರೆ ಹೊನ್ನಪ್ಪಣ್ಣ ಗೊರಕೆ ಹೊಡೆಯುತ್ತಿದ್ದರು. "ಈ ಒಂದು ವಿಷಯದಲ್ಲಿ ನೀವು ಪುಣ್ಯವಂತರು ಬಿಡಿ" ಎಂದು ಒಂದು ಬೆಳಿಗ್ಗೆ ತಮಾಷೆ ಮಾಡಿದೆ. ಅವರು ನಗಲಿಲ್ಲ. "ಮೊಮ್ಮಗು ಹುಟ್ಟಿ ಮೂರು ತಿಂಗಳಾಯ್ತು ಕಣಯ್ಯ. ಎತ್ಕೊಂಡು ನೆತ್ತಿ ಮೂಸಿದ್ರೆ ಏನೂ ಇಲ್ಲ. ಗೋಡೆ ಮೂಸಿದಂಗೆ" ಎಂದರು. ಆಮೇಲೆ ನಾನು ಆ ತಮಾಷೆಗೆ ಹೋಗಲಿಲ್ಲ.

ಊಟದ ಪ್ರಶ್ನೆ ಮೊದಲ ದಿನವೇ ಎದ್ದಿತು. ನಾನು ಮೊಬೈಲು ತೆಗೆದು, ನಕ್ಷತ್ರ ಜಾಸ್ತಿ ಇರುವ ಹೋಟೆಲು ಹುಡುಕಿ, ಹುರುಪಿನಿಂದ ಅವರನ್ನು ಕರೆದುಕೊಂಡು ಹೋದೆ. ಬಾಗಿಲಿಗೆ ಪ್ಲಾಸ್ಟಿಕ್ ಬಳ್ಳಿ, ಗೋಡೆಗೆ ಕೋವಿಯ ಚಿತ್ರ, ಒಂದು ಮೂಲೆಯಲ್ಲಿ ಫೋಟೊ ತೆಗೆಸಿಕೊಳ್ಳಲೆಂದೇ ಇಟ್ಟ ಉಯ್ಯಾಲೆ. ಕೊಡಗಿನ ಹಂದಿ ಮಾಂಸದ ಸಾರು ಪಂದಿಕರಿ ತರಿಸಿದೆವು. ಹೊನ್ನಪ್ಪಣ್ಣ ಎರಡು ತುತ್ತು ನುಂಗಿ, ತಟ್ಟೆ ಬಿಟ್ಟು ಸುತ್ತಲಿನವರನ್ನು ನೋಡತೊಡಗಿದರು.

"ಸುಮಾರಾಗಿದೆ ಅಲ್ವಾ ಊಟ?" ಎಂದು ಅವರೇ ಕೇಳಿದರು.

"ನಿಮಗೆ ಹೇಗೆ ಗೊತ್ತಾಯ್ತು?"

"ಎಲ್ರೂ ತಟ್ಟೆ ಫೋಟೊ ತೆಗೀತಾವ್ರೆ, ಒಬ್ರೂ ಎರಡನೇ ಸಲ ಬಡಿಸ್ಕೊಂಡಿಲ್ಲ. ನಕ್ಷತ್ರ ಎಣಿಸ್ಕೊಂಡು ಉಣ್ಣಾಕಾಗ್ತದೇನಯ್ಯ?"

ಮಾರನೆಯ ದಿನದಿಂದ ಹುಡುಕುವ ಕೆಲಸ ಅವರದಾಯಿತು. ಅದನ್ನು ಅವರು ಮಾಡುವ ರೀತಿ ನೋಡಿ ನಾನು ಬೆರಗಾದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ಕೊಳ್ಳುತ್ತಾ, ಔಷಧಿ ಅಂಗಡಿಯಲ್ಲಿ ಚಿಲ್ಲರೆ ತೆಗೆದುಕೊಳ್ಳುತ್ತಾ, "ನಿನ್ನೆ ಮಧ್ಯಾಹ್ನ ಎಲ್ಲಿ ಉಂಡ್ರಿ?" ಎಂದು ಕೇಳುತ್ತಿದ್ದರು. "ಒಳ್ಳೇ ಹೋಟ್ಲು ಯಾವುದು ಅಂತ ಯಾರನ್ನೂ ಕೇಳ್ಬಾರ್ದು ಲೋಕೇಶ. ಕೇಳಿದ್ರೆ ನೆಂಟ್ರನ್ನ ಕರ್ಕೊಂಡೋಗೋ ಹೋಟ್ಲು ಹೇಳ್ತಾರೆ. ನಿನ್ನೆ ಎಲ್ಲಿ ಉಂಡ್ರಿ ಅಂದ್ರೆ ನಿಜ ಬತ್ತದೆ" ಎನ್ನುತ್ತಿದ್ದರು. ಹೆಸರು ಸಿಕ್ಕಮೇಲೆ ನೇರವಾಗಿ ಒಳಗೆ ಹೋಗುವವರೂ ಅಲ್ಲ. ಎದುರು ಅಂಗಡಿಯ ಸೂರಿನ ಕೆಳಗೆ ನಿಂತು, ಉಂಡು ಹೊರಬರುವವರನ್ನು ನೋಡಬೇಕು. ಹೊರಬಂದವನು ಆ ಮಳೆಯಲ್ಲೂ ಒಂದು ಗಳಿಗೆ ಬಾಗಿಲಲ್ಲಿ ಸುಮ್ಮನೆ ನಿಂತರೆ ಒಳ್ಳೆಯ ಗುರುತು. ಕೊಡೆ ಬಿಚ್ಚುತ್ತಲೇ ಓಡಿದರೆ ಅಲ್ಲಿಗೆ ಕಾಲಿಡಬಾರದು. ಒಳಗೆ ಹೋದಮೇಲೆ ಮೊದಲು ಬಿಸಿನೀರು ಕೇಳಬೇಕು. "ದುಡ್ಡಿಲ್ದೆ ಕೊಡೋ ನೀರನ್ನ ಯಾವ ಲೋಟದಲ್ಲಿ ತಂದ್ರು ನೋಡು. ಮಿಕ್ಕಿದ್ದೆಲ್ಲ ಅದರಲ್ಲೇ ಗೊತ್ತಾಯ್ತದೆ." ಕೊನೆಯದಾಗಿ ಕಿವಿಗೊಡಬೇಕು. ತಟ್ಟೆ ಬಂದ ಕೂಡಲೇ ಮೇಜಿನ ಮಾತು ನಿಂತರೆ ಕಣ್ಣು ಮುಚ್ಚಿಕೊಂಡು ಊಟ ಹೇಳಬಹುದು.

ಹೀಗೆ ನಮಗೆ ಗೋಣಿಕೊಪ್ಪಲು ಸಿಕ್ಕಿತು. ಪೆಟ್ರೋಲ್ ಬಂಕಿನ ಹಿಂದೆ ಒಬ್ಬ ಮಲಯಾಳಿಯ ಅಂಗಡಿಯಲ್ಲಿ ಬೆಳಿಗ್ಗೆ ಬಿಸಿ ಪುಟ್ಟು, ಕಪ್ಪು ಕಡಲೆಯ ಸಾರು. ಸಂಜೆ ಬಿಸಿ ಬನ್ಸಿಗೆ ಒಂದು ಉಡುಪಿ ಹೋಟೆಲು. ಹೊರಗಿನಿಂದ ನೋಡಿದರೆ ಹಳೆ ಸೈಕಲ್ ಶಾಪು ಎನ್ನಬೇಕು, ಹಾಗಿತ್ತು. ಎಲ್ಲ ಕಡೆಯೂ ಹೊನ್ನಪ್ಪಣ್ಣ ತಾವು ಸುಮ್ಮನೆ ನುಂಗುತ್ತಾ ನನ್ನನ್ನು ಕೇಳುತ್ತಿದ್ದರು. "ಹೆಂಗದೆ?" ನಾನು "ಚೆನ್ನಾಗಿದೆ" ಎಂದರೆ ಸಿಟ್ಟು ನೆತ್ತಿಗೇರುತ್ತಿತ್ತು. "ಚೆನ್ನಾಗದೆ ಅಂದ್ರೆ ಏನಯ್ಯ? ಮೊದಲು ಉಪ್ಪು ಬಂತೋ ಹುಳಿ ಬಂತೋ? ನುಂಗಿದ ಮೇಲೆ ಏನು ಉಳೀತು? ನನಗೆ ಉಪ್ಪು ಹುಳಿ ಖಾರ ನಾಲಿಗೆಗೆ ತಾಗ್ತದೆ ಅಷ್ಟೆ, ಅದರ ಹಿಂದಿರೋದು ನೀನು ಹೇಳ್ಬೇಕು." ಉಣ್ಣುವುದೆಂದರೆ ಹೊಟ್ಟೆ ತುಂಬಿಸಿಕೊಳ್ಳುವುದು ಎಂದುಕೊಂಡಿದ್ದ ನಾನು, ಆ ಮಳೆಗಾಲದಲ್ಲಿ ಒಂದೊಂದು ತುತ್ತಿಗೂ ಉತ್ತರ ಹುಡುಕಬೇಕಾಯಿತು.

ದೇಚಮ್ಮಕ್ಕನ ಮೆಸ್ಸು ಸಿಕ್ಕಿದ್ದೂ ಇದೇ ದಾರಿಯಲ್ಲಿ. ಊರಿನ ಎರಡು ದೊಡ್ಡ ಹೋಟೆಲಿನ ಅಡುಗೆಯವರು ತಮ್ಮ ರಜಾ ದಿನ ಒಂದೇ ಓಣಿಯೊಳಗೆ ಹೋಗುವುದನ್ನು ಹೊನ್ನಪ್ಪಣ್ಣ ಗಮನಿಸಿದ್ದರು. ಅಕ್ಕಿ ಗಿರಣಿಯ ಪಕ್ಕ, ಬೋರ್ಡಿಲ್ಲದ ಮನೆ. ಮುಂದಿನ ಕೋಣೆಯಲ್ಲಿ ಬೆಂಚುಗಳು. ಅರವತ್ತರ ಆಸುಪಾಸಿನ ಹೆಂಗಸು, ಸೊಂಟಕ್ಕೆ ಟವಲು ಸುತ್ತಿಕೊಂಡು ಬಾಗಿಲಿಗೆ ಬಂದರು. ಬಿಸಿನೀರು ಕೇಳಿದೆವು. ಬೆಳಗಿ ತೊಳೆದ ಹಿತ್ತಾಳೆ ಲೋಟದಲ್ಲಿ ಬಂತು. ಜೊತೆಗೆ ಕಡಂಬುಟ್ಟು, ಎಂದರೆ ಅಕ್ಕಿ ತರಿಯ ಉಂಡೆಗಳು, ಮತ್ತು ಬಿದಿರು ಕಳಲೆಯ ಪಲ್ಯ. ನಮ್ಮ ಬೆಂಚಿನಲ್ಲಿದ್ದ ನಾಲ್ವರೂ ಮಾತು ನಿಲ್ಲಿಸಿದರು. ನಾನೂ ನಿಲ್ಲಿಸಿದೆ. ಹೊನ್ನಪ್ಪಣ್ಣ ನನ್ನ ಮುಖ ನೋಡಿ, "ನೀನು ಏನೂ ಹೇಳ್ಬೇಡ, ಗೊತ್ತಾಯ್ತು" ಎಂದರು.

ದೇಚಮ್ಮಕ್ಕನಿಗೆ ಕೈಯ ಮೇಲೆ ಅಭಿಮಾನ ಬಹಳ. ಒಂದು ಎಸ್ಟೇಟಿನ ಬಂಗಲೆಯಲ್ಲಿ ಅಡುಗೆ ಮಾಡಿಕೊಂಡಿದ್ದವರು, ಆಮೇಲೆ ಸ್ವಂತ ಒಲೆ ಹೂಡಿದ್ದರು. ಒಮ್ಮೆ ಯಾರೋ ಗಿರಾಕಿ "ಅಕ್ಕ, ಕರಿ ಅಡಿ ಹಿಡಿದ ಹಾಗಿದೆ" ಎಂದುಬಿಟ್ಟ. ಅವನ ತಟ್ಟೆ ಎತ್ತಿಕೊಂಡು, "ನನ್ನ ಒಲೆಯಲ್ಲಿ ಇವತ್ತಿನವರೆಗೆ ಒಂದು ಪಾತ್ರೆ ಸೀದದ್ದಿಲ್ಲ. ನಿಮ್ಮ ಬಾಯಿ ಸೀದಿರಬೇಕು, ಎದ್ದು ತೊಳ್ಕೊಂಡು ಬನ್ನಿ" ಎಂದರು. ಅವನು ನಿಜಕ್ಕೂ ಬಾಯಿ ತೊಳೆದುಕೊಂಡು ಬಂದು ತೆಪ್ಪಗೆ ಉಂಡ.

ಹೊನ್ನಪ್ಪಣ್ಣನ ವಿಷಯ ಅವರಿಗೆ ಬೇಗ ತಿಳಿಯಿತು. ಇಷ್ಟು ರುಚಿಯಾದ ಊಟಕ್ಕೆ ಇವರು ಮುಖವನ್ನೇ ಅರಳಿಸುವುದಿಲ್ಲವಲ್ಲ ಎಂದು ಅವರಿಗೆ ಕೋಪ ಬಂದು ಕೇಳಿದ್ದರು. ನಾನು ಇದ್ದದ್ದನ್ನು ಹೇಳಿದೆ. ಅವತ್ತಿನಿಂದ ದಿನಾ ಊಟಕ್ಕೆ ಮೊದಲು ಏನಾದರೂ ಒಂದನ್ನು ತಂದು ಅವರ ಮೂಗಿನ ಹತ್ತಿರ ಹಿಡಿಯತೊಡಗಿದರು. ಜಜ್ಜಿದ ಕಾಳುಮೆಣಸು, ಏಲಕ್ಕಿ, ನಿಂಬೆ ಎಲೆ, ಪಂದಿಕರಿಗೆ ಹಾಕುವ ಕಪ್ಪು ಹುಳಿ ಕಾಚಂಪುಳಿ. "ನೆನಪು ಮಾಡ್ಕೊಳ್ಳಿ. ಇದು ಮೆಣಸು. ನೆನಪು ಮಾಡ್ಕೊಂಡ್ರೆ ಬರ್ತದೆ." ಹೊನ್ನಪ್ಪಣ್ಣ ಕಣ್ಣು ಮುಚ್ಚಿ ಎಳೆದುಕೊಳ್ಳುತ್ತಿದ್ದರು. "ಇಲ್ಲಮ್ಮ" ಎನ್ನುತ್ತಿದ್ದರು. ದೇಚಮ್ಮಕ್ಕ "ನಾಳೆ" ಎಂದು ಒಳಗೆ ಹೋಗುತ್ತಿದ್ದರು.

ಹಾಗಿರುವಾಗ ಕಕ್ಕಡ ಹದಿನೆಂಟು ಬಂತು. "ವರ್ಷವೆಲ್ಲ ವಾಸನೆ ಇಲ್ಲದ ಎಲೆಗೇ ಇವತ್ತು ವಾಸನೆ ಬರ್ತದೆ. ನಿಮ್ಮ ಮೂಗಿಗೆ ಬರಲಿಕ್ಕೆ ಎಂತ ಕಷ್ಟ?" ಎಂದು ದೇಚಮ್ಮಕ್ಕ ದೊಡ್ಡ ಬಟ್ಟಲಿನಲ್ಲಿ ಪಾಯಸ ತಂದಿಟ್ಟು ಜೇನು ಸುರಿದರು. ಹೊನ್ನಪ್ಪಣ್ಣ ಅವತ್ತು ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು ಬಂದಿದ್ದರು. ಬಟ್ಟಲಿನ ಮೇಲೆ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ನನಗಂತೂ ಕೋಣೆ ತುಂಬ ಆ ಘಮ. ಅವರು ತಲೆ ಎತ್ತಿದಾಗ ಏನೂ ಕೇಳಬೇಕಾಗಲಿಲ್ಲ. ಆದರೂ ದೇಚಮ್ಮಕ್ಕನ ಮನಸ್ಸಿಗೆ ನೋವಾಗದಿರಲೆಂದು ಎರಡು ಬಟ್ಟಲು ತಿಂದರು. ನಾನು ಆಸೆಗೆ ಮೂರು ತಿಂದೆ.

ಮರುದಿನ ಬೆಳಿಗ್ಗೆ ಲಾಡ್ಜಿನ ಬಚ್ಚಲಿನಲ್ಲಿ ನನ್ನ ಜೀವ ಹಾರಿಹೋಯಿತು. ಮೂತ್ರ ಕೆಂಪಗೆ ಹೋಗುತ್ತಿತ್ತು. ಹೇಗೋ ಬಟ್ಟೆ ಹಾಕಿಕೊಂಡು, ಹೊನ್ನಪ್ಪಣ್ಣನಿಗೆ ಗಾಬರಿಯಾಗಬಾರದೆಂದು ಗೋದಾಮಿನ ಕೆಲಸವಿದೆ ಎಂದು ಸುಳ್ಳು ಹೇಳಿ ಹೊರಟೆ. ದಾರಿಯಲ್ಲಿ ನನ್ನ ಮದುವೆಯಾಗದ ತಂಗಿ, ಊರಿನ ಅಮ್ಮ ಎಲ್ಲರೂ ಕಣ್ಣ ಮುಂದೆ ಬಂದರು. ಕ್ಲಿನಿಕ್ಕಿನಲ್ಲಿ ಹೆಸರು ಬರೆಸಿ, ಸರದಿಗಾಗಿ ಕಾಯುತ್ತಾ ಅರ್ಧ ಗಂಟೆಯಾಗಿರಬೇಕು. ಕೊಡೆ ಮಡಿಸುತ್ತಾ ಹೊನ್ನಪ್ಪಣ್ಣ ಒಳಗೆ ಬಂದರು.

"ನೀನ್ಯಾಕಯ್ಯ ಇಲ್ಲಿ?"

"ಸ್ವಲ್ಪ ನೆಗಡಿ. ನೀವು?"

"ನಂಗೂ ನೆಗಡಿಯೇ" ಎಂದು ಅವರು ಮುಖ ತಿರುಗಿಸಿದರು. ಮುಖ ಬಿಳಚಿಕೊಂಡಿತ್ತು.

ಡಾಕ್ಟರಮ್ಮ ನನ್ನನ್ನು ಒಳಗೆ ಕರೆದರು. ನಾನು ನಾಚಿಕೊಂಡು ಹೇಳಿದ್ದನ್ನು ಪೂರ್ತಿ ಕೇಳದೆಯೇ, "ಎಲ್ಲಿಯವರು ನೀವು?" ಎಂದರು. "ಹಾಸನದ ಕಡೆ." "ನಿನ್ನೆ ಪಾಯಸ ಎಷ್ಟು ತಿಂದ್ರಿ?" ಎಂದವರೇ ನಕ್ಕುಬಿಟ್ಟರು. ಮದ್ದು ತಿಂದವರಿಗೆಲ್ಲ ಮಾರನೆಯ ದಿನ ಹೀಗೆ ಆಗುವುದೇ ಅಂತೆ. ಇಲ್ಲಿನ ಮಕ್ಕಳಿಗೂ ಗೊತ್ತಂತೆ. ಮದ್ದು ಮೈಗೆ ಹಿಡಿದಿದೆ ಎಂದು ಸಂತೋಷಪಡುತ್ತಾರಂತೆ. "ಪ್ರತಿ ವರ್ಷ ಈ ದಿನ ಹೊರಗಿನವರು ಒಬ್ಬಿಬ್ಬರು ಬಂದೇ ಬರ್ತಾರೆ. ನಿಮ್ಮ ಜೊತೆಯವರದೂ ಇದೇ ನೆಗಡಿಯಾ?" ಎಂದು ಬಾಗಿಲಿನ ಕಡೆ ಕೈ ತೋರಿಸಿದರು.

ಕುಶಾಲನಗರದಲ್ಲಿ ಅಷ್ಟು ವರ್ಷ ಬಾಳಿದ ಹೊನ್ನಪ್ಪಣ್ಣ! ಅವರ ಮನೆಯಲ್ಲಿ ಆಗಲೂ ಹಾಸನದ ಮುದ್ದೆ ಸಾರೇ ನಡೆಯುತ್ತಿದ್ದುದರಿಂದ ಕಕ್ಕಡದ ಪಾಯಸವನ್ನು ಹೆಸರಿನಲ್ಲಿ ಕೇಳಿದ್ದರೇ ಹೊರತು ತಿಂದಿರಲಿಲ್ಲ. ಜ್ವರ ಮೂಗಿನಿಂದ ಇಳಿದು ಕಿಡ್ನಿಗೆ ಬಂತು ಎಂದುಕೊಂಡು, ನನಗೆ ಹೇಳದೆ ಬಂದಿದ್ದರು. ರಸ್ತೆಗೆ ಬಂದ ಮೇಲೆ ಇಬ್ಬರೂ ಆ ಮಳೆಯಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಮಳೆಗಾಲದಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ದೇಚಮ್ಮಕ್ಕನೂ ಈ ಕಥೆ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ಮುಗಿದ ಮೇಲೆ ಪಕ್ಕದ ಬೆಂಚಿನಲ್ಲಿ ಕೂತು, "ಅಲ್ಲ, ನಿಮ್ಮ ಕೆಲಸ ಎಂತದ್ದು ಸರಿಯಾಗಿ ಹೇಳಿ. ಒಳ್ಳೇ ಕಾಫಿ ಯಾವುದು ಅಂತ ಹೇಳೋದಾ?" ಎಂದು ಕೇಳಿದರು.

"ಒಳ್ಳೇದನ್ನ ಯಾರು ಬೇಕಾದ್ರೂ ಹೇಳ್ತಾರೆ ತಾಯಿ. ಕೆಟ್ಟದ್ದನ್ನ ಹುಡುಕೋದು ನನ್ನ ಕೆಲಸ. ಹುಳಿತದ್ದು, ಮುಗ್ಗಿದ್ದು, ಹುರಿಯುವಾಗ ಸೀದದ್ದು. ಮೂವತ್ತು ವರ್ಷದಿಂದ ಈ ಮೂಗು ಬರೀ ತಪ್ಪನ್ನೇ ಮೂಸಿದೆ" ಎಂದರು ಹೊನ್ನಪ್ಪಣ್ಣ. ದೇಚಮ್ಮಕ್ಕ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದರು.

ಆಮೇಲೆ ಕೊಡವರು ಕೋವಿಗೆ ಪೂಜೆ ಮಾಡುವ ಕೈಲ್‌ಪೊಳ್ದ್ ಹಬ್ಬ ಬಂತು, ಹೋಯಿತು. ಮಳೆ ಬಿಡುವು ಕೊಡತೊಡಗಿತು. ತೋಟಗಳಲ್ಲಿ ಕಾಫಿ ಕಾಯಿ ದಪ್ಪವಾಗುತ್ತಿತ್ತು. ಗೋದಾಮಿನ ಸೂರು ಸರಿಯಾಗಿತ್ತು. ನಾವು ಹಿಂತಿರುಗುವ ದಿನ ಹತ್ತಿರವಾಗಿತ್ತು. ಹೊನ್ನಪ್ಪಣ್ಣ ಊಟದಲ್ಲಿ ನನ್ನನ್ನು "ಹೆಂಗದೆ?" ಎಂದು ಕೇಳುವುದನ್ನು ಬಿಟ್ಟಿದ್ದರು. ಒಂದು ದಿನ, "ಮಾಲೀಕರಿಗೆ ನಾನೇ ಹೇಳ್ಬಿಡ್ತೀನಿ ಕಣಯ್ಯ, ಬೇರೆಯೋರನ್ನ ನೋಡ್ಕೊಳ್ಳಿ ಅಂತ. ಅವರ ಬಾಯಲ್ಲಿ ಕೇಳೋದು ಬೇಡ" ಎಂದರು.

ಅದಾದ ಮೇಲಿನ ಸಂತೆಯ ದಿನ ಮೆಸ್ಸು ತುಂಬಿ ತುಳುಕುತ್ತಿತ್ತು. ದೇಚಮ್ಮಕ್ಕ ನಮ್ಮನ್ನು ಅಡುಗೆಮನೆಯ ಪರದೆಯ ಪಕ್ಕದ ಬೆಂಚಿನಲ್ಲೇ ಕೂರಿಸಿದ್ದರು. ಪಂದಿಕರಿಯ ಮಸಾಲೆಯ ಘಾಟು, ಒದ್ದೆ ಕೊಡೆಗಳು, ಸಂತೆಯ ಒಣಮೀನಿನ ಚೀಲಗಳು. ಆ ಕೋಣೆಯಲ್ಲಿ ಇರದ ವಾಸನೆಯೇ ಇರಲಿಲ್ಲ. ಹೊನ್ನಪ್ಪಣ್ಣ ಕಡಂಬುಟ್ಟು ಮುರಿದು ಬಾಯಿಗೆ ಇಡುತ್ತಿದ್ದವರು ಕೈಯನ್ನು ಅಲ್ಲೇ ನಿಲ್ಲಿಸಿದರು. ತಲೆ ಸ್ವಲ್ಪ ಮೇಲೆತ್ತಿದರು.

"ಸೀಯ್ತಿದೆ" ಎಂದರು.

ನಾನು ಮೂಸಿ ನೋಡಿದೆ. ನನಗೆ ಏನೂ ತಿಳಿಯಲಿಲ್ಲ.

"ದೇಚಮ್ಮಕ್ಕ! ಒಲೆ ಮೇಲೆ ಏನೋ ಸೀಯ್ತಿದೆ!" ಅವರ ಕೂಗಿಗೆ ಇಡೀ ಕೋಣೆ ತಿರುಗಿ ನೋಡಿತು. ಎಲ್ಲರೂ ಮೂಗು ಎತ್ತಿದರು, ಯಾರಿಗೂ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಿಗೆ ಪರದೆಯ ಅಂಚಿನಿಂದ ತೆಳ್ಳಗೆ ಹೊಗೆ ಬಂತು. ಹಿಂದೆಯೇ ದೇಚಮ್ಮಕ್ಕ, ಬಟ್ಟೆಯಲ್ಲಿ ಹಿಡಿದ ಪಾತ್ರೆಯೊಂದಿಗೆ. ಕಡಂಬುಟ್ಟಿಗೆ ಇಟ್ಟ ಅಕ್ಕಿ ತರಿ ತಳದಲ್ಲಿ ಕರಿ ಇದ್ದಿಲಾಗಿತ್ತು.

"ಹೌದು ಮಾರಾಯ್ರೆ, ಸೀದು ಹೋಯ್ತು" ಎಂದರು.

ಕೋಣೆಯಲ್ಲಿ ನಗೆ ಎದ್ದಿತು. ಹಿಂದೆ ಬಾಯಿ ತೊಳೆದುಕೊಂಡು ಬಂದಿದ್ದ ಗಿರಾಕಿಯೂ ಅಲ್ಲಿದ್ದ. "ಅಕ್ಕ, ಇವತ್ತು ಯಾರ ಬಾಯಿ ತೊಳೆಯೋದು?" ಎಂದು ಅವನು ಕೇಳಿದಾಗ ನಗು ಇನ್ನೂ ಜೋರಾಯಿತು. ದೇಚಮ್ಮಕ್ಕ ತಲೆ ತಗ್ಗಿಸಿ, "ವಯಸ್ಸಾಯ್ತಲ್ಲ" ಎಂದಷ್ಟೇ ಹೇಳಿದರು.

ಹೊನ್ನಪ್ಪಣ್ಣ ಎಂಜಲು ಕೈಯಲ್ಲೇ ಎದ್ದು ಹೋಗಿ ಆ ಪಾತ್ರೆಯೊಳಗೆ ಮುಖ ಇಟ್ಟರು. ಒಂದು ಸಲ ಎಳೆದರು. ಇನ್ನೊಂದು ಸಲ ಎಳೆದರು. ಆ ಹೊತ್ತಿನ ಅವರ ಮುಖ ಈಗಲೂ ನನ್ನ ಕಣ್ಣಲ್ಲಿದೆ. ಕಣ್ಣೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು, ಮೂಗು ಮಾತ್ರ ಪಾತ್ರೆ ಬಿಟ್ಟು ಬರುತ್ತಿರಲಿಲ್ಲ. ಕೊನೆಗೆ ತಲೆ ಎತ್ತಿ ದೇಚಮ್ಮಕ್ಕನನ್ನು ಒಂದು ಗಳಿಗೆ ನೋಡಿ, ಕೈ ಮುಗಿದರು. ನನ್ನ ಕಡೆ ತಿರುಗಿ, "ಕೊಡೆ ಎಲ್ಲಯ್ಯ? ಕುಶಾಲನಗರದ ಬಸ್ಸು ಎಷ್ಟು ಹೊತ್ತಿಗೆ?" ಎಂದರು.

ಅವತ್ತು ಸಂಜೆ ಮೊಮ್ಮಗುವಿನ ನೆತ್ತಿ ಮೂಸಿ ನನಗೆ ಫೋನು ಮಾಡಿದರು. ಹಾಲು, ಹರಳೆಣ್ಣೆ, ಸ್ವಲ್ಪ ಬೆವರು ಎಂದು ಬಿಡಿಸಿ ಬಿಡಿಸಿ ಹೇಳಿದರು. ಎಲ್ಲ ವಾಸನೆಗಳೂ ಒಟ್ಟಿಗೆ ಬರಲಿಲ್ಲ. ಕೆಟ್ಟವು ಮೊದಲು ಬಂದವು, ಒಳ್ಳೆಯವು ಹಿಂದಿನಿಂದ. ಆದರೆ ಹೊಸ ಅರೇಬಿಕಾ ಕಾಫಿ ಬರುವ ಹೊತ್ತಿಗೆ ಅವರು ತಮ್ಮ ಮೇಜಿನ ಮುಂದೆ ಬಗ್ಗಿ ನಿಂತಿದ್ದರು. ಮಾಲೀಕರು ಪರೀಕ್ಷೆಗೆಂದು ಮುಗ್ಗಿದ ಕಾಫಿಯ ಒಂದು ಬಟ್ಟಲನ್ನು ಸಾಲಿನ ನಡುವೆ ಇರಿಸಿದ್ದರು. ಹೊನ್ನಪ್ಪಣ್ಣ ಅದನ್ನು ಚಮಚ ಮುಟ್ಟಿಸದೆ ದೂರದಿಂದಲೇ ಪಕ್ಕಕ್ಕೆ ಸರಿಸಿ, "ಇದನ್ನ ಇಲ್ಲಿ ಇಟ್ಟೋರು ಯಾರು?" ಎಂದು ಗದರಿದರಂತೆ.

ಇಷ್ಟನ್ನೂ ನೆನೆಯುತ್ತಾ ಹೋದ ವರ್ಷ ಆ ಓಣಿಯೊಳಗೆ ಹೋದೆ. ಗಿರಣಿ ಮುಚ್ಚಿದೆ; ಮೆಸ್ಸಿಗೆ ಇನ್ನೂ ಬೋರ್ಡಿಲ್ಲ. ದೇಚಮ್ಮಕ್ಕನ ತಲೆ ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ಕಂಡು, ಹೊನ್ನಪ್ಪಣ್ಣನಿಂದ ಕೇಳಿದ್ದ ಆ ಹೋಟೆಲಿನ ಕಥೆ ಮರೆಯದೆ, "ನಕ್ಷತ್ರ ಎಣಿಸುವವರು ಬಂದ್ರಾ? ಪಾಯಸ ಎಷ್ಟು ಬಟ್ಟಲು ಬೇಕು, ಡಾಕ್ಟರ ಹತ್ತಿರ ಚೀಟಿ ಮಾಡ್ಸಿಟ್ಟಿದ್ದೀರಲ್ಲ?" ಎಂದರು. ಅವರ ಬಾಯಿ ಇನ್ನೂ ಹಾಗೇ ಇದೆ ಎಂದು ಸಮಾಧಾನವಾಯಿತು.

ಪಾಯಸ ತಿನ್ನುತ್ತಾ ನಾನೂ ಬಿಡಲಿಲ್ಲ. "ಅಕ್ಕ, ಅದಾದ ಮೇಲೆ ಪಾತ್ರೆ ಮತ್ತೆ ಸೀಯಿತಾ?"

"ಮತ್ತೆ ಎಂತಕ್ಕೆ ಸೀಯ್ತದೆ? ಅವತ್ತೂ ಸೀದದ್ದಲ್ಲ, ನಾನೇ ಸುಟ್ಟದ್ದು." ಪಕ್ಕದ ಬೆಂಚು ಒರೆಸುತ್ತಾ ಅವರು ಸಹಜವಾಗಿ ಹೇಳಿದರು. "ಒಳ್ಳೇ ವಾಸನೆ ಎಲ್ಲಾ ತೋರಿಸಿ ಆಯ್ತು. ತಪ್ಪು ಹುಡುಕುವ ಮೂಗು ಅಂತ ಅವರೇ ಹೇಳಿದ್ರಲ್ಲ. ಹಾಗಾದ್ರೆ ತಪ್ಪೇ ಮಾಡಿ ನೋಡೋಣ ಅಂತ ಒಂದು ಹಿಡಿ ತರಿ ಒಣಪಾತ್ರೆಗೆ ಹಾಕಿ ಬೆಂಕಿ ಜೋರು ಮಾಡಿದೆ."

ನಾನು ಚಮಚ ಕೆಳಗಿಟ್ಟೆ. "ಸಂತೆಯ ದಿನವೇ ಯಾಕೆ ಅಕ್ಕ? ಅಷ್ಟು ಜನ ನಕ್ಕರಲ್ಲ."

"ಜನ ಇಲ್ಲದಾಗ ಸುಟ್ರೆ ಅವರಿಗೋಸ್ಕರ ಸುಟ್ಟದ್ದು ಅಂತ ಗೊತ್ತಾಗ್ತಿತ್ತು. ಮತ್ತೆ ವಾಸನೆ ಬಂದ ಹಾಗೆ ನಟನೆ ಮಾಡ್ತಿದ್ರು, ನನಗೆ ಬೇಜಾರಾಗಬಾರದು ಅಂತ. ಬೇಡದ ಪಾಯಸ ಎರಡು ಬಟ್ಟಲು ತಿಂದವರಲ್ವಾ? ಪಾತ್ರೆ ಹೋದ್ರೆ ಉಜ್ಜಿದ್ರೆ ಆಯ್ತು. ಮೂಗನ್ನ ಉಜ್ಜಲಿಕ್ಕೆ ಆಗ್ತದಾ?"

ಅವರು ತಟ್ಟೆ ಎತ್ತಿಕೊಂಡು ಒಳಗೆ ಹೋದರು. ನಾನು ಪಾಯಸದ ಬಟ್ಟಲು ಹಿಡಿದೇ ಬಾಗಿಲಿಗೆ ಬಂದು, ತಡೆಯಲಾರದೆ ಹೊನ್ನಪ್ಪಣ್ಣನಿಗೆ ಫೋನು ಮಾಡಿದೆ. ಕೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ.

"ಗೊತ್ತು ಕಣಯ್ಯ. ಬೇಯುವಾಗ ಸೀದಿದ್ರೆ ಮೊದಲು ಅನ್ನದ ಹಬೆ ಬರಬೇಕು, ಆಮೇಲೆ ಸೀದದ್ದು. ಅವತ್ತು ಹಬೆಯೇ ಇರಲಿಲ್ಲ. ಒಣ ತರಿ ಹುರಿದು ಸುಟ್ಟ ವಾಸನೆ. ಜನ್ಮವೆಲ್ಲ ಕಾಫಿ ಹುರಿಯೋದನ್ನ ಮೂಸಿದೋನಿಗೆ ಅಷ್ಟೂ ಗೊತ್ತಾಗಲ್ವಾ? ಅಂಥ ಕೈ ನೀರು ಹಾಕೋದನ್ನ ಮರೀತದಾ?"

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ಅಷ್ಟು ಜನದ ಮುಂದೆ ಆ ತಾಯಿ ನನಗೋಸ್ಕರ ಹೆಸರು ಕೆಡಿಸ್ಕೊಂಡ್ಲು. ನಾನು ಬಾಯಿ ಬಿಟ್ಟಿದ್ರೆ ಕೊಟ್ಟದ್ದನ್ನ ಅಲ್ಲೇ ವಾಪಸ್ ಕೊಟ್ಟಂಗಾಗ್ತಿತ್ತು." ಆಮೇಲೆ ಕೇಳಿದರು: "ಪಾಯಸ ಹೆಂಗದೆ? ಚೆನ್ನಾಗದೆ ಅಂದ್ರೆ ಫೋನ್ ಇಡ್ತೀನಿ."

ನಾನು ಬಟ್ಟಲನ್ನು ಮೂಗಿನ ಹತ್ತಿರ ತಂದೆ. ಮೊದಲು ಬೆಲ್ಲ ಬಂತು, ಹಿಂದೆಯೇ ತೆಂಗಿನ ಹಾಲು, ಆಮೇಲೆ ಸೊಪ್ಪು ಎಂದೆ. ನುಂಗಿದ ಮೇಲೆ ಸೊಪ್ಪು ಮಾತ್ರ ಬಹಳ ಹೊತ್ತು ಉಳಿಯುತ್ತದೆ ಎಂದೆ.

"ಸೀದ ವಾಸನೆ?"

"ಇಲ್ಲ."

"ಇರಲ್ಲ" ಎಂದರು ಹೊನ್ನಪ್ಪಣ್ಣ. "ಆ ಒಲೆ ಮೇಲೆ ಇವತ್ತಿನವರೆಗೂ ಒಂದು ಪಾತ್ರೆ ಸೀದಿಲ್ಲ. ಯಾರಾದ್ರೂ ಕೇಳಿದ್ರೆ ಹಂಗೇ ಹೇಳು."